ಬೀಜ ಯಾರದು, ಹೊಲ ಯಾರದು

ಕಳೆದ ವರ್ಷ ಮೇ ತಿಂಗಳ ಕೊನೆ. ತೂಬಗೆರೆಯಲ್ಲಿ ಅಮ್ಮನ ತವರುಮನೆಯ ಹಿತ್ತಿಲು. ಹಲಸಿನ ಮರದ ನೆರಳಲ್ಲಿ ಹಳೆಯ ಗೋಣಿಚೀಲ ಹಾಸಿ, ಕೈಗೂ ಮಚ್ಚಿಗೂ ಎಣ್ಣೆ ಸವರಿಕೊಂಡು ಅತ್ತೆ ಹಣ್ಣು ಬಿಡಿಸುತ್ತಿದ್ದರು. ನಾನು ತೊಳೆಯಿಂದ ಬೀಜ ಬೇರೆ ಮಾಡುತ್ತಿದ್ದೆ. ಮಾವ ಒಳಗಿನಿಂದ ಒಂದು ಪ್ಲಾಸ್ಟಿಕ್ ಕವರು ತಂದರು. ಅದರೊಳಗೆ ಬೆರಳಚ್ಚು ಮಾಡಿಸಿದ ನಾಲ್ಕು ಹಾಳೆ. ಮೇಲುಗಡೆ ದಪ್ಪಕ್ಷರದಲ್ಲಿ ‘ಹಕ್ಕು ಬಿಡುಗಡೆ ಪತ್ರ’ ಎಂದಿತ್ತು.

“ಇಲ್ಲೊಂದು ಸೈನ್ ಹಾಕ್ಬಿಡಕ್ಕ. ಪಹಣಿ ನನ್ನೊಬ್ಬನ ಹೆಸರಿಗಾದ್ರೆ ಬ್ಯಾಂಕಲ್ಲಿ ಸಾಲ ಸಿಗ್ತದೆ. ನೀನು ಹೆಂಗಿದ್ರೂ ಕೊಟ್ಟ ಮನೆಗೆ ಸೇರ್ದೋಳು. ವಂಶ ಬೆಳಿಬೇಕಾಗಿರೋದು ಇಲ್ಲಿ ತಾನೆ?”

ಮಾವ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಬೇಕು. ಎರಡು ಸಲ ಕೊಳವೆಬಾವಿ ತೋಡಿಸಿ ಎರಡು ಸಲವೂ ಕೈ ಸುಟ್ಟುಕೊಂಡವರು. ಅಜ್ಜಿ ಹಾಸಿಗೆ ಹಿಡಿದ ಮೂರು ವರ್ಷ ಅವರನ್ನು ಎತ್ತಿ ಇಳಿಸಿ ನೋಡಿಕೊಂಡವರು ಮಾವ ಮತ್ತು ಅತ್ತೆ. ಆದರೆ ಅವರ ಕೊನೆಯ ಮಾತು ನನಗೆ ಚುಚ್ಚಿತು. ವಂಶ ಎಂಬುದು ಗಂಡುಮಕ್ಕಳ ಮೂಲಕ ಮಾತ್ರ ಹರಿಯುವ ನೀರೇ? ನಾನು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಯೀಸ್ಟ್ ಕೋಶಗಳ ಮೈಟೊಕಾಂಡ್ರಿಯದ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಇಷ್ಟು ವರ್ಷ ಓದಿದ್ದಕ್ಕೆ ಇವತ್ತಾದರೂ ಒಂದು ಉಪಯೋಗವಾಗಲಿ ಅನ್ನಿಸಿತು. ನನ್ನ ವಾದವನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳತೊಡಗಿದೆ. ಈ ಬರಹ ಆ ವಾದದ ಕಥೆ, ಮತ್ತು ಅದು ಸೋತ ಕಥೆ.

ಮಾವನ ಮಾತಿನ ಹಿಂದೆ ಬಹಳ ಹಳೆಯ ಒಂದು ಜೀವಶಾಸ್ತ್ರ ಇದೆ. ಗಂಡು ಬೀಜ, ಹೆಣ್ಣು ಹೊಲ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ಈ ರೂಪಕವೇ ಬರುತ್ತದೆ. ಬೀಜ ಮತ್ತು ಕ್ಷೇತ್ರಗಳ ನಡುವೆ ಬೀಜಕ್ಕೇ ಮೇಲುಗೈ. ಇದು ನಮ್ಮ ದೇಶದ ಸೊತ್ತು ಮಾತ್ರವಲ್ಲ. ಗ್ರೀಸಿನ ಅರಿಸ್ಟಾಟಲ್ ಕೂಡ ತಾಯಿ ಕೊಡುವುದು ಬರೀ ದ್ರವ್ಯ, ಅದಕ್ಕೆ ರೂಪ ಕೊಡುವವನು ತಂದೆ ಎಂದಿದ್ದ. ಸೂಕ್ಷ್ಮದರ್ಶಕ ಬಂದ ಮೇಲೂ ಈ ನಂಬಿಕೆ ಸುಲಭವಾಗಿ ಬಿಡಲಿಲ್ಲ. 1694ರಲ್ಲಿ ಹಾರ್ಟ್‌ಸೂಕರ್ ಎಂಬ ಡಚ್ ವಿದ್ವಾಂಸ ವೀರ್ಯಾಣುವಿನ ತಲೆಯೊಳಗೆ ಮಂಡಿ ಮಡಿಚಿ ಕೂತ ಪುಟ್ಟ ಮನುಷ್ಯನ ಚಿತ್ರ ಬರೆದು, ಒಳಗೆ ಹೀಗಿರಬಹುದು ಎಂದು ಊಹಿಸಿದ. ಸ್ತನಿಗಳ ಅಂಡಾಣುವನ್ನು ಕಾರ್ಲ್ ಅರ್ನ್‌ಸ್ಟ್ ಫಾನ್ ಬೇರ್ ಕಂಡದ್ದು 1827ರಲ್ಲಿ. ಅಂಡಾಣುವಿನ ಕೇಂದ್ರವೂ ವೀರ್ಯಾಣುವಿನ ಕೇಂದ್ರವೂ ಒಂದಾಗುವುದನ್ನು ಆಸ್ಕರ್ ಹರ್ಟ್‌ವಿಗ್ ಸಮುದ್ರದ ಒಂದು ಮುಳ್ಳುಜೀವಿಯಲ್ಲಿ ಕಂಡದ್ದು 1876ರಲ್ಲಿ. ಅಂದರೆ ತಾಯಿಯೂ ಬೀಜವೇ ಎಂಬುದು ಕಣ್ಣಿಗೆ ಕಂಡು ಇನ್ನೂ ನೂರೈವತ್ತು ವರ್ಷವಷ್ಟೇ ಆಯಿತು.

ಮುಂದಿನದು ಶಾಲೆಯ ಪುಸ್ತಕದಲ್ಲೇ ಇದೆ. ಮನುಷ್ಯನ ಜೀವಕೋಶದಲ್ಲಿ 46 ವರ್ಣತಂತುಗಳು. 23 ತಾಯಿಯಿಂದ, 23 ತಂದೆಯಿಂದ. ಪ್ರತಿ ವರ್ಣತಂತುವೂ ಬಿಗಿಯಾಗಿ ಸುತ್ತಿಟ್ಟ ಒಂದು ಡಿಎನ್‌ಎ ಎಳೆ. ತೂಬಗೆರೆ ಹೋಬಳಿಯಲ್ಲೇ ಇರುವ ಘಾಟಿ ಸುಬ್ರಹ್ಮಣ್ಯಕ್ಕೆ ಹೋದವರು ಅಲ್ಲಿ ಸಾಲುಸಾಲು ನಾಗರಕಲ್ಲು ನೋಡಿರುತ್ತೀರಿ. ಮಕ್ಕಳಾಗಲೆಂದು ಹರಕೆ ಹೊತ್ತವರು ನಿಲ್ಲಿಸಿದವು. ಒಂದಕ್ಕೊಂದು ಹೆಣೆದುಕೊಂಡ ಎರಡು ಹಾವುಗಳನ್ನು ತೋರಿಸಿ, ‘ನೋಡಿ, ನಮ್ಮವರಿಗೆ ಡಿಎನ್‌ಎ ಆಗಲೇ ಗೊತ್ತಿತ್ತು’ ಅನ್ನುವವರಿದ್ದಾರೆ. ನಾನು ಒಪ್ಪಲಾರೆ. ಆದರೆ ಆ ಕಲ್ಲು ಕೆತ್ತಿದವರಿಗೆ ಒಂದಂತೂ ಗೊತ್ತಿತ್ತು: ಎರಡು ಬೇಕು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಸಮಪಾಲು, ಮುಗಿಯಿತು. ಆದರೆ ನನಗೆ ಗೆಲ್ಲಬೇಕಿತ್ತು. ನನ್ನ ಬಳಿ ಇನ್ನೊಂದು ಅಸ್ತ್ರ ಇತ್ತು, ಅದಕ್ಕೆ ಊರಿನ ಹೆಸರೇ ಹೊಂದುತ್ತಿತ್ತು.

ತೂಬಗೆರೆ ಎಂಬ ಹೆಸರಲ್ಲಿ ತೂಬೂ ಇದೆ, ಕೆರೆಯೂ ಇದೆ. ಕೆರೆಯ ನೀರಿಗೆ ಶಕ್ತಿ ಬರುವುದು ಏರಿಯಿಂದ. ಏರಿಯ ಒಂದು ಕಡೆ ನೀರು ಎತ್ತರದಲ್ಲಿ, ಇನ್ನೊಂದು ಕಡೆ ಗದ್ದೆ ತಗ್ಗಿನಲ್ಲಿ. ನಡುವೆ ಇರುವ ಒಂದೇ ದಾರಿ ತೂಬು. ನಮ್ಮ ಜೀವಕೋಶದ ಒಳಗೂ ಇದೇ ಏರ್ಪಾಡು. ಮೈಟೊಕಾಂಡ್ರಿಯ ಎಂಬ ಪುಟ್ಟ ಚೀಲದ ಒಳಪೊರೆಯೇ ಏರಿ. ನಾವು ತಿಂದ ಮುದ್ದೆ, ಸಾರಿನಿಂದಲೂ ಉಸಿರಿನ ಆಮ್ಲಜನಕದಿಂದಲೂ ಬಂದ ಶಕ್ತಿ ಪ್ರೋಟಾನುಗಳನ್ನು ಆ ಏರಿಯ ಆಚೆಗೆ ತಳ್ಳಿ ತುಂಬಿಸುತ್ತದೆ. ತುಂಬಿದ್ದು ಮರಳಿ ಹರಿಯಲು ನೋಡುತ್ತದೆ. ದಾರಿ ಮುಖ್ಯವಾಗಿ ಒಂದೇ, ಎಟಿಪಿ ಸಿಂಥೇಸ್ ಎಂಬ ತೂಬು. ಪ್ರೋಟಾನುಗಳು ನುಗ್ಗುವಾಗ ಅದರ ಒಂದು ಭಾಗ ರಾಟೆಯಂತೆ ನಿಜವಾಗಿಯೂ ತಿರುಗುತ್ತದೆ; ಒಂದೊಂದು ಸುತ್ತಿಗೂ ಮೂರು ಎಟಿಪಿ ಅಣುಗಳು ತಯಾರಾಗುತ್ತವೆ. ಜೀವಕೋಶದ ಎಲ್ಲ ಖರ್ಚೂ ನಡೆಯುವುದು ಈ ಎಟಿಪಿಯ ಚಿಲ್ಲರೆಯಲ್ಲಿ. ಪೀಟರ್ ಮಿಚೆಲ್ 1961ರಲ್ಲಿ ಈ ಕೆರೆ-ತೂಬಿನ ಲೆಕ್ಕ ಮುಂದಿಟ್ಟಾಗ ಬಹಳ ಮಂದಿ ನಂಬಲಿಲ್ಲ. 1978ರಲ್ಲಿ ಅದಕ್ಕೇ ನೊಬೆಲ್ ಬಂತು.

ಈ ಮೈಟೊಕಾಂಡ್ರಿಯಕ್ಕೆ ತನ್ನದೇ ಸಣ್ಣ ಡಿಎನ್‌ಎ ಇದೆ. ಮನುಷ್ಯರಲ್ಲಿ 16,569 ಅಕ್ಷರಜೋಡಿಗಳ ಒಂದು ಉಂಗುರ, ಅದರಲ್ಲಿ 37 ವಂಶವಾಹಿಗಳು. ಅದು ನಮಗೆ ಬರುವುದು ತಾಯಿಯಿಂದ ಮಾತ್ರ. ವೀರ್ಯಾಣುವಿನ ಜೊತೆ ಬಂದ ಬೆರಳೆಣಿಕೆಯ ಮೈಟೊಕಾಂಡ್ರಿಯಗಳನ್ನು ಅಂಡಾಣು ಗುರುತು ಹಚ್ಚಿ ನಾಶ ಮಾಡುತ್ತದೆ. ಹೀಗಾಗಿ ನನ್ನ ಉಸಿರಿನ ತೂಬು ಅಮ್ಮನದು, ಅಮ್ಮನದು ಅಜ್ಜಿಯದು, ಅಜ್ಜಿಯದು ನಾವು ಹೆಸರೂ ಕೇಳದ ಅವರಮ್ಮನದು. ಇನ್ನೂ ಒಂದಿದೆ. ಹೆಣ್ಣುಮಗುವಿನ ಅಂಡಾಣುಗಳು ರೂಪುಗೊಳ್ಳುವುದು ಅದು ಇನ್ನೂ ಗರ್ಭದಲ್ಲಿರುವಾಗಲೇ. ಅಂದರೆ ಮುಂದೆ ನಾನಾಗಲಿದ್ದ ಆ ಒಂದು ಕಣ, ಅಮ್ಮ ಅಜ್ಜಿಯ ಹೊಟ್ಟೆಯಲ್ಲಿದ್ದಾಗಲೇ ಅಲ್ಲಿತ್ತು. ಇದೇ ಮನೆಯಲ್ಲಿ, ಬಹುಶಃ ಇದೇ ಮರದ ಕೆಳಗೆ ಅಜ್ಜಿ ಕೂತಿದ್ದಾಗ.

ಇದನ್ನೆಲ್ಲ ನಾನು ನನಗೆ ತಿಳಿದ ಸುಲಭ ಕನ್ನಡದಲ್ಲಿ ಮಾವನಿಗೆ ಹೇಳಿದೆ. “ಹಂಗಾಗಿ ಮಾವ, ವಂಶ ಹರಿಯೋದು ಹೆಣ್ಣುಮಕ್ಕಳಿಂದ. ಅಜ್ಜಿಯಿಂದ ಬಂದ ಉಸಿರು ಮುಂದಕ್ಕೆ ಹೋಗೋದು ಅಮ್ಮನಿಂದ, ನನ್ನಿಂದ. ನಿಮ್ಮ ಹತ್ರ ಅದು ಇದೆ, ಆದ್ರೆ ಮಕ್ಕಳಿಗೆ ಕೊಡೋಕೆ ನಿಮಗೆ ಆಗಲ್ಲ” ಅಂದೆ.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: “ಹಂಗಾದ್ರೆ ನನ್ನ ಮಕ್ಕಳು ನಿಮ್ಮಜ್ಜಿಗೆ ಏನೂ ಅಲ್ವಾ ಪುಟ್ಟಿ? ರಾತ್ರಿಯೆಲ್ಲ ಕಾಲು ಒತ್ತಿದ್ದು ಅವೇ ಅಲ್ವಾ?”

ನನ್ನ ಬಳಿ ಉತ್ತರ ಇರಲಿಲ್ಲ. ಮಾವ ನನ್ನ ವಾದದ ಬುಡಕ್ಕೇ ಕೈ ಹಾಕಿದ್ದರು. ಬೀಜ-ಹೊಲದ ಹಳೆಯ ತಕ್ಕಡಿಯನ್ನು ನಾನು ಮುರಿದಿರಲಿಲ್ಲ; ತಟ್ಟೆಗಳನ್ನು ಅದಲುಬದಲು ಮಾಡಿದ್ದೆ, ಅಷ್ಟೆ. ಯಾರ ಕಣ ಮುಂದೆ ಹೋಗುತ್ತದೋ ಅವರದ್ದೇ ಹಕ್ಕು ಎಂಬ ನಿಯಮವನ್ನು ಹಾಗೇ ಉಳಿಸಿಕೊಂಡು, ಗೆದ್ದವರ ಹೆಸರು ಮಾತ್ರ ಬದಲಿಸಿದ್ದೆ. ವಿಜ್ಞಾನದ ಲೆಕ್ಕದಲ್ಲೂ ನಾನು ಅರ್ಧ ಸತ್ಯವನ್ನಷ್ಟೇ ಹೇಳಿದ್ದೆ. ಮೈಟೊಕಾಂಡ್ರಿಯದಲ್ಲಿ ಕೆಲಸ ಮಾಡುವ ಸಾವಿರಕ್ಕೂ ಹೆಚ್ಚು ಬಗೆಯ ಪ್ರೋಟೀನುಗಳಲ್ಲಿ ಅದರ ಸ್ವಂತ ಡಿಎನ್‌ಎಯಿಂದ ಬರುವುದು 13 ಮಾತ್ರ. ಉಳಿದವೆಲ್ಲ ಕೋಶಕೇಂದ್ರದಿಂದ, ಅಂದರೆ ಅಪ್ಪ ಅಮ್ಮ ಇಬ್ಬರ ಬರಹದಿಂದ. ತೂಬನ್ನು ಕಟ್ಟಿದ್ದು ಎರಡೂ ಮನೆಯವರು. ಅದೂ ಸಾಲದು ಎಂಬಂತೆ, ಮೈಟೊಕಾಂಡ್ರಿಯವೇ ಒಂದು ಕಾಲಕ್ಕೆ ಹೊರಗಿನದು: ನೂರೈವತ್ತು ಕೋಟಿ ವರ್ಷಗಳಿಗೂ ಹಿಂದೆ ಇನ್ನೊಂದು ಕೋಶದೊಳಗೆ ಬಂದು ನೆಲೆಸಿದ ಬ್ಯಾಕ್ಟೀರಿಯ. 1967ರಲ್ಲಿ ಲಿನ್ ಮಾರ್ಗುಲಿಸ್ ಇದನ್ನು ವಾದಿಸಿದರು, ಈಗ ಅದು ಪಠ್ಯಪುಸ್ತಕದ ಮಾತು. ಹೊರಗಿನಿಂದ ಬಂದು ಮನೆಯ ಒಲೆಯನ್ನೇ ಹೊತ್ತುಕೊಂಡದ್ದು. ನಾನು ತಲೆಯೆತ್ತಿ ಅತ್ತೆಯನ್ನು ನೋಡಿದೆ. ಅವರು ತಲೆ ತಗ್ಗಿಸಿ ಹಣ್ಣು ಬಿಡಿಸುತ್ತಲೇ ಇದ್ದರು.

ನನ್ನ ಮುಂದಿದ್ದ ಬುಟ್ಟಿಯೂ ನನ್ನ ವಾದದ ವಿರುದ್ಧವೇ ಸಾಕ್ಷಿ ಹೇಳುತ್ತಿತ್ತು. ಹಲಸಿನ ಹಣ್ಣು ಒಂದು ಹಣ್ಣಲ್ಲ, ಒಂದು ಗೊಂಚಲು. ಒಂದೊಂದು ತೊಳೆಯೂ ಒಂದೊಂದು ಹೂವಿನಿಂದ ಆದದ್ದು. ಹೂವುಗಳಿಗೆ ಬಿದ್ದ ಪರಾಗ ಬೇರೆ ಬೇರೆ ಮರದ್ದಿರಬಹುದು. ಒಂದೇ ಹಣ್ಣಿನ ನೂರು ಬೀಜಗಳಿಗೆ ತಾಯಿ ಒಬ್ಬಳೇ, ತಂದೆಯರು ಎಷ್ಟೋ. ಹಾಗಾಗಿಯೇ ರುಚಿಯಾದ ಹಣ್ಣಿನ ಬೀಜ ನೆಟ್ಟರೆ ಅದೇ ರುಚಿ ಬರುತ್ತದೆಂಬ ಖಾತರಿ ಇಲ್ಲ. ನಮ್ಮ ಕಡೆ ತೋಟದ ಬದುಗಳಲ್ಲಿ ಒಂದು ಮರದ ತೊಳೆ ಕೆಂಪು, ಪಕ್ಕದ್ದು ಹಳದಿ, ಇನ್ನೊಂದು ಬರೀ ಅಂಟು ಅನ್ನುವಂತಿರುವುದು ಇದರಿಂದಲೇ. ಒಳ್ಳೆಯ ಮರವನ್ನು ಹಾಗೇ ಉಳಿಸಿಕೊಳ್ಳಲು ಕಸಿ ಕಟ್ಟಬೇಕು. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಚೇಳೂರಿನ ಒಂದು ಕೆಂಪು ಹಲಸಿನ ಮರವನ್ನು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಗುರುತಿಸಿ, ಕಸಿ ಗಿಡಗಳನ್ನು ರೈತರಿಗೆ ತಲುಪಿಸಿತು. ಅಂಥ ಮೂಲಮರವನ್ನು ತೋಟಗಾರಿಕೆಯವರು ತಾಯಿಮರ ಅನ್ನುತ್ತಾರೆ. ತಳಿಗೆ ಇಟ್ಟ ಹೆಸರು ಬೆಳೆಗಾರರ ತಂದೆಯದು, ‘ಸಿದ್ದು’. ಅವರ ಅಕ್ಕರೆ ನನಗೆ ಅರ್ಥವಾಗುತ್ತದೆ. ಆದರೂ ಹೆಸರು ಯಾರದು, ಒಡಲು ಯಾರದು ಎಂಬುದು ನಮ್ಮಲ್ಲಿ ಎಷ್ಟು ಸಲೀಸಾಗಿ ಬೇರೆಯಾಗುತ್ತದೆ ನೋಡಿ.

ಪ್ರಕೃತಿಯನ್ನು ಸಾಕ್ಷಿಗೆ ಕರೆದರೆ ಆಗುವ ತೊಂದರೆ ಇದು. ಅದು ಯಾರ ಪರವಾಗಿ ಬೇಕಾದರೂ ಮಾತಾಡುತ್ತದೆ. ವೈ ವರ್ಣತಂತು ಅಪ್ಪನಿಂದ ಮಗನಿಗೆ ಮಾತ್ರ ಹೋಗುತ್ತದೆ. ಅದನ್ನು ಹಿಡಿದು ಮಾವನ ವಕೀಲರು ವಾದಿಸಬಹುದು. ಮೈಟೊಕಾಂಡ್ರಿಯ ಹಿಡಿದು ನಾನು ವಾದಿಸಬಹುದು. ಎರಡು ವಾದದಲ್ಲೂ ದತ್ತು ಮಗುವಿಗೆ ಒಂದು ತುಂಡು ನೆಲವೂ ಸಿಗುವುದಿಲ್ಲ. ಮಗಳ ಹಕ್ಕು ಅವಳ ವರ್ಣತಂತುಗಳ ಮೇಲೆ ನಿಂತಿದೆ ಎಂದು ಒಪ್ಪಿದರೆ, ನಾಳೆ ಯಾರೋ ಪ್ರಯೋಗಾಲಯದಿಂದ ಒಂದು ಹೊಸ ವರದಿ ತಂದು ಅದನ್ನು ಕಿತ್ತುಕೊಳ್ಳಲೂಬಹುದು. ಹಾಗಾದರೆ ವಿಜ್ಞಾನದಿಂದ ಏನೂ ಉಪಯೋಗವಿಲ್ಲವೇ? ಇದೆ. ಸುಳ್ಳು ನೆಪವನ್ನು ಅದು ಕೆಡವಬಲ್ಲದು. ಹೆಣ್ಣು ಬರೀ ಹೊಲ ಎಂಬ ಮಾತು ಅನ್ಯಾಯ ಎಂಬುದು ಒಂದು ಸಂಗತಿ, ಅದು ಸುಳ್ಳು ಎಂಬುದು ಇನ್ನೊಂದು. ಎರಡನೆಯದನ್ನು ವಿಜ್ಞಾನ ತೋರಿಸಿಕೊಡುತ್ತದೆ. ಮೊದಲನೆಯದನ್ನು ನಾವೇ ನಿರ್ಧರಿಸಬೇಕು.

ಇನ್ನೂ ಒಂದು ಕಾರಣಕ್ಕೆ ಜೀವಕೋಶ ನಮಗೆ ಪಾಲಿನ ಪಾಠ ಹೇಳಲಾರದು. ಕನ್ನಡದಲ್ಲಿ ಕೋಶ ಒಡೆಯುವುದಕ್ಕೂ ಮನೆ ಒಡೆಯುವುದಕ್ಕೂ ವಿಭಜನೆ ಎಂಬ ಒಂದೇ ಪದ ಒಪ್ಪುತ್ತದೆ. ಆದರೆ ಜೀವಕೋಶ ಒಡೆಯುವ ಮೊದಲು ತನ್ನ ಡಿಎನ್‌ಎಯನ್ನೆಲ್ಲ ನಕಲು ಮಾಡಿಕೊಳ್ಳುತ್ತದೆ. ವರ್ಣತಂತುಗಳು ಜೋಡಿಯಾಗಿ ನಡುವೆ ಸಾಲು ನಿಂತು, ಒಂದೊಂದು ಪ್ರತಿ ಒಂದೊಂದು ಕಡೆಗೆ ಸರಿಯುವುದನ್ನು ವಾಲ್ಟರ್ ಫ್ಲೆಮಿಂಗ್ 1882ರಲ್ಲಿ ಚಿತ್ರ ಬರೆದು ತೋರಿಸಿದ. ಹುಟ್ಟಿದ ಎರಡು ಕೋಶಗಳಿಗೂ ಪೂರ್ತಿ ಆಸ್ತಿ. ಯಾರಿಗೂ ಒಂದು ಅಕ್ಷರ ಕಡಿಮೆಯಿಲ್ಲ. ಅಂಡಾಣು, ವೀರ್ಯಾಣು ಆಗುವಾಗ ಮಾತ್ರ ಅರ್ಧಕ್ಕಿಳಿಯುತ್ತದೆ. ಆಗಲೂ ಕೊಟ್ಟವರಿಗೆ ನಷ್ಟವಿಲ್ಲ. ಅಮ್ಮ ನನಗೆ 23 ವರ್ಣತಂತು ಕೊಟ್ಟರೂ ಅವಳ 46 ಅವಳಲ್ಲೇ ಇವೆ. ಇಂಥ ಆಸ್ತಿಗೆ ವ್ಯಾಜ್ಯ ಇಲ್ಲ, ಪಹಣಿ ಬೇಡ. ನೆಲ ಹಾಗಲ್ಲ. ಎರಡು ಎಕರೆಯನ್ನು ನಕಲು ಮಾಡಿ ಇಬ್ಬರಿಗೆ ಕೊಡಲಾಗದು. ಒಬ್ಬರಿಗೆ ಬಂದದ್ದು ಇನ್ನೊಬ್ಬರಿಂದ ಹೋದದ್ದೇ. ನ್ಯಾಯ ಎಂಬ ಪ್ರಶ್ನೆ ಹುಟ್ಟುವುದು ನಕಲು ಸಾಧ್ಯವಿಲ್ಲದ ಕಡೆ. ಅಲ್ಲಿಗೆ ಬಂದಾಗ ಜೀವಕೋಶ ಕೈಚೆಲ್ಲುತ್ತದೆ. ಅದು ಆ ಕಷ್ಟವನ್ನು ಕಂಡೇ ಇಲ್ಲ.

ಆ ಕಷ್ಟವನ್ನು ಕಂಡದ್ದು ಕೆರೆ. ಹಳೆಯ ಕಾಲದಲ್ಲಿ ಕೆರೆಯ ಅಚ್ಚುಕಟ್ಟಿಗೆ ನೀರುಗಂಟಿ ಇರುತ್ತಿದ್ದ. ತೂಬು ಎತ್ತುವವನು, ಮುಚ್ಚುವವನು, ಯಾವ ಗದ್ದೆಗೆ ಎಷ್ಟು ಹೊತ್ತು ಎಂದು ಸರದಿ ನೋಡುವವನು ಅವನೇ. ಮಳೆಯನ್ನು ಸಂಪಾದಿಸಿದವರು ಊರಲ್ಲಿ ಯಾರೂ ಇರಲಿಲ್ಲ, ಏರಿ ಕಟ್ಟಿದವರು ಎಂದೋ ಸತ್ತಿದ್ದರು. ಆದ್ದರಿಂದ ‘ನೀರು ಯಾರ ವಂಶದ್ದು’ ಎಂದು ಕೇಳಿದರೆ ಕೆಲಸ ನಡೆಯುತ್ತಿರಲಿಲ್ಲ. ‘ಇದರ ಕೆಳಗೆ ಯಾರು ಯಾರು ಇದ್ದಾರೆ’ ಎಂದು ಕೇಳಬೇಕಿತ್ತು. ಆ ಪಟ್ಟಿಯಲ್ಲೂ ಅನ್ಯಾಯ ಇತ್ತು, ಜಾತಿ ಇತ್ತು, ತಗ್ಗಿನ ಕೊನೆಯ ಗದ್ದೆಯವರ ಗೋಳಿತ್ತು. ಆದರೂ ಕೇಳಿದ ಪ್ರಶ್ನೆ ಸರಿಯಾದದ್ದು.

ಕಾನೂನು ಈ ಪ್ರಶ್ನೆಗೆ ಬರಲು ಬಹಳ ಕಾಲ ತೆಗೆದುಕೊಂಡಿತು. ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನಿಂದಲೇ ಪಾಲು ಎಂದು ಕರ್ನಾಟಕ ತಿದ್ದುಪಡಿ ತಂದದ್ದು 1994ರಲ್ಲಿ. ಆದರೆ ಅದಕ್ಕೆ ಮೊದಲೇ ಮದುವೆಯಾಗಿದ್ದವರನ್ನು ಅದು ಹೊರಗಿಟ್ಟಿತು. ಅಮ್ಮನ ಮದುವೆ 1993ರಲ್ಲಿ. ಹುಟ್ಟಿನಿಂದ ಬರುವ ಹಕ್ಕು ಒಂದು ವರ್ಷ ಮೊದಲು ಕಟ್ಟಿಸಿಕೊಂಡ ತಾಳಿಯಿಂದ ಹೋಯಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂತು; 2020ರಲ್ಲಿ ಸುಪ್ರೀಂ ಕೋರ್ಟು, 2005ರಲ್ಲಿ ತಂದೆ ಬದುಕಿದ್ದರೋ ಇಲ್ಲವೋ ಎಂಬುದು ಮುಖ್ಯವಲ್ಲ, ಮಗಳು ಹುಟ್ಟಿದ್ದೇ ಸಾಕು ಎಂದಿತು. ಈ ಹನ್ನೊಂದು, ಹದಿನೈದು ವರ್ಷಗಳಲ್ಲಿ ಅಮ್ಮನ ಒಂದು ವರ್ಣತಂತುವೂ ಬದಲಾಗಿರಲಿಲ್ಲ. ಬದಲಾದದ್ದು ನಾವು ಯಾರನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ ಎಂಬುದು.

ಆದರೆ ಅವತ್ತು ಮಧ್ಯಾಹ್ನ ಇದೆಲ್ಲ ನನಗೆ ಹೊಳೆದಿರಲಿಲ್ಲ. ಮಾವನ ಪ್ರಶ್ನೆಗೆ ಉತ್ತರ ಕೊಟ್ಟದ್ದು ಅಮ್ಮ. ಅಷ್ಟು ಹೊತ್ತೂ ಅವಳು ಕಾಗದದ ಮೇಲೆ ಕಣ್ಣಿಟ್ಟು ಸುಮ್ಮನಿದ್ದಳು.

“ನಿನ್ನ ಮಕ್ಕಳು ಅವ್ವನಿಗೆ ಮೊಮ್ಮಕ್ಕಳಲ್ಲ ಅಂತ ಯಾರ್ ಹೇಳಿದ್ರು? ಇವಳ ಮಾತು ಬಿಡು. ಅದೇನೋ ಕಣದಲ್ಲಿ ಇದೆ ಅಂತ ನನಗೆ ಪಾಲು ಬೇಡ. ಅವ್ವನಿಗೆ ನೀನು ಮಾಡಿದ್ದನ್ನ ನಾನು ಮಾಡೋಕೆ ಆಗ್ಲಿಲ್ಲ, ಅದೂ ನನಗೆ ಗೊತ್ತು. ಸೈನ್ ಹಾಕ್ಬೇಕು ಅನ್ಸಿದ್ರೆ ಹಾಕ್ತೀನಿ. ಆದ್ರೆ ವಂಶ ಇಲ್ಲಿಲ್ಲ ಅನ್ನಿಸ್ಕೊಂಡು ಹಾಕಲ್ಲ. ಕೊಡೋದು ಬೇರೆ, ಇರಲೇ ಇಲ್ಲ ಅನ್ನಿಸ್ಕೊಳೋದು ಬೇರೆ.”

ಮಾವ ಏನೂ ಹೇಳಲಿಲ್ಲ. ಅತ್ತೆ ಮೊದಲ ಸಲ ತಲೆಯೆತ್ತಿದರು. ಅವರಿಗೂ ಒಂದು ತವರಿದೆ, ಅಲ್ಲಿಯೂ ಎಂದೋ ಒಂದು ಸಹಿ ಹಾಕಿ ಬಂದಿದ್ದಾರೆ ಎಂಬುದು ನನಗೆ ಆಮೇಲೆ ತಿಳಿಯಿತು.

ಅಮ್ಮನ ಮಾತನ್ನು ಈ ಒಂದು ವರ್ಷದಲ್ಲಿ ಎಷ್ಟು ಸಲ ಮೆಲುಕು ಹಾಕಿದ್ದೇನೋ. ಆ ಪತ್ರದ ಹೆಸರನ್ನೇ ನೋಡಿ: ಹಕ್ಕು ಬಿಡುಗಡೆ. ಇಲ್ಲದ ಹಕ್ಕನ್ನು ಯಾರೂ ಬಿಡುಗಡೆ ಮಾಡಲಾಗದು. ‘ನಿನಗೆ ಇಲ್ಲಿ ಏನೂ ಇಲ್ಲ, ಸಹಿ ಹಾಕು’ ಅನ್ನುವ ಮಾತಿನ ಮೊದಲರ್ಧವನ್ನು ಎರಡನೆಯ ಅರ್ಧವೇ ಸುಳ್ಳು ಮಾಡುತ್ತದೆ. ಎಷ್ಟು ಹೆಣ್ಣುಮಕ್ಕಳು ತವರಿನ ಬಾಗಿಲು ಮುಚ್ಚೀತೆಂಬ ಭಯಕ್ಕೆ ಆ ಹಾಳೆಗೆ ಸಹಿ ಹಾಕಿರಬಹುದು. ಅವರಲ್ಲಿ ಎಷ್ಟೋ ಮಂದಿ ಕೇಳಿದ್ದರೆ ಪ್ರೀತಿಯಿಂದಲೇ ಕೊಡುತ್ತಿದ್ದರೇನೋ. ಕೊಡುವ ಸಂತೋಷವನ್ನೂ ನಾವು ಅವರಿಗೆ ಬಿಡಲಿಲ್ಲ.

ಕಾಗದ ಇನ್ನೂ ಮಾವನ ಬೀರುವಿನಲ್ಲಿದೆ. ಅಮ್ಮ ಸಹಿ ಹಾಕಿಲ್ಲ, ಹಾಕುವುದಿಲ್ಲ ಎಂದೂ ಹೇಳಿಲ್ಲ. ಇಬ್ಬರೂ ಈ ನಡುವೆ ಮೊದಲಿಗಿಂತ ಹೆಚ್ಚು ಫೋನು ಮಾಡಿಕೊಳ್ಳುತ್ತಾರೆ; ಕೊಳವೆಬಾವಿಯ ಸಾಲದ ಬಡ್ಡಿ ಎಷ್ಟು ಎಂದು ಅಮ್ಮ ವಿಚಾರಿಸುತ್ತಾಳೆ, ಇಷ್ಟು ಎಂದು ಮಾವ ಹೇಳುತ್ತಾರೆ. ಹಿಂದೆ ಅವರ ನಡುವೆ ಈ ಮಾತು ಇರಲಿಲ್ಲ. ಲೆಕ್ಕದಲ್ಲಿ ಇರುವವರನ್ನಷ್ಟೇ ಲೆಕ್ಕ ಕೇಳಬಹುದು, ಲೆಕ್ಕ ಹೇಳಬಹುದು.

ಅವತ್ತು ನಾನು ಬಿಡಿಸಿದ ಬೀಜಗಳಲ್ಲಿ ಒಂದು ಹಿಡಿಯನ್ನು ಅತ್ತೆ ಸಾರಿಗೆ ಹಾಕಿದರು. ಉಳಿದವನ್ನು ಅಮ್ಮ ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಹಲಸಿನ ಬೀಜ ಒಣಗಿದರೆ ಹುಟ್ಟುವುದಿಲ್ಲ, ಬೇಗ ಹಾಕಬೇಕು. ನಮ್ಮ ಬಾಡಿಗೆ ಮನೆಯ ಮಹಡಿಯಲ್ಲಿ ಹಳೆಯ ಪೇಂಟ್ ಡಬ್ಬಿಗಳಲ್ಲಿ ಈಗ ಐದು ಸಸಿಗಳಿವೆ. ಒಂದೂ ಆ ಮರದಂತೆಯೇ ಆಗುವುದಿಲ್ಲ ಎಂದು ಹೇಳಿದೆ. “ಗೊತ್ತು ಕಣೆ, ಮಕ್ಕಳಲ್ವಾ?” ಅಂದಳು ಅಮ್ಮ. ಅವನ್ನು ನೆಡಲು ನಮಗೆ ಎಲ್ಲಿಯೂ ನೆಲವಿಲ್ಲ.